ಪಿಡುಗಿನ ಕಾಲದ ಮನೆ: ಹುಬ್ಬಳ್ಳಿ-ಧಾರವಾಡಗಳ ಚರಿತ್ರೆಯಿಂದ

ಪಿಡುಗುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸತ್ತವರ ಎಣಿಕೆಯಿಂದ ಪ್ರಾರಂಭಿಸುತ್ತಾರೆ. ಇಂಥ ವರ್ಷ ಇಷ್ಟು ಸಾವಿರ ಮಂದಿ ಗತಿಸಿದರು, ಇಂಥ ಕಾಯಿದೆ ಬಂದಿತು, ಇಂಥ ಔಷಧವು ದೊರೆಯಿತು ಎಂದು ಹೇಳಿ ಪ್ರಕರಣವನ್ನು ಮುಗಿಸುತ್ತಾರೆ. ಅದು ಅವಶ್ಯವಾದ ಕೆಲಸವೇ ಸರಿ. ಆದರೆ ರೋಗವು ಊರಿಗೆ ಬರುವುದೆಂದರೆ ವಾಸ್ತವವಾಗಿ ಮನೆಗಳಿಗೆ ಬರುವುದು. ಜ್ವರ ಬಂದ ಮಗುವನ್ನು ತಾಯಿ ಎತ್ತಿಕೊಳ್ಳಬಹುದೆ, ಮುದುಕನಾದ ತಂದೆಯ ಬಾಯಿಗೆ ನೀರು ಬಿಡುವವರು ಯಾರು, ತೀರಿಕೊಂಡವರನ್ನು ಹೊತ್ತು ಸಾಗಿಸುವವರು ಯಾರು, ಉಳಿದವರು ಮರುದಿನ ಹೇಗೆ ಒಲೆ ಹಚ್ಚಿದರು? ಈ ಪ್ರಶ್ನೆಗಳಿಗೆ ಸರ್ಕಾರಿ ದಫ್ತರಗಳಲ್ಲಿ ಉತ್ತರವು ಸುಲಭವಾಗಿ ಸಿಕ್ಕುವುದಿಲ್ಲ. ಹಾಗಿದ್ದರೂ ಒಂದು ಪಿಡುಗು ಜನಾಂಗದ ಮೇಲೆ ಬಿಟ್ಟುಹೋಗುವ ಗುರುತಿನಲ್ಲಿ ಬಹುಪಾಲು ಇರುವುದು ಇಲ್ಲಿಯೇ.

ಹುಬ್ಬಳ್ಳಿ-ಧಾರವಾಡಗಳು ಸುಮಾರು ನೂರ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಮೂರು ಮಹಾ ಪಿಡುಗುಗಳನ್ನು ಕಂಡ ಅವಳಿ ಪಟ್ಟಣಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು, ೧೯೧೮ರಲ್ಲಿ ಇನ್‌ಫ್ಲುಯೆಂಜಾ, ೨೦೨೦-೨೧ರಲ್ಲಿ ಕೋವಿಡ್. ಈ ಮೂರನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ರೋಗಾಣುವು ಯಾವ ದಾರಿಯಿಂದ ಒಬ್ಬರಿಂದೊಬ್ಬರಿಗೆ ಸಾಗುತ್ತದೆಯೋ ಆ ದಾರಿಯಲ್ಲಿರುವ ಕೌಟುಂಬಿಕ ಬಂಧವೇ ಮೊದಲು ಪರೀಕ್ಷೆಗೆ ಒಳಗಾಗುತ್ತದೆ. ಅದು ದೇಹಶಾಸ್ತ್ರದ ಮಾತು. ಆ ಬಂಧವನ್ನು ಕಾಯಿದೆಯೂ ಭಯವೂ ಮುರಿದವೋ, ಇಲ್ಲವೆ ಯಾವುದಾದರೊಂದು ರೂಪದಲ್ಲಿ ಉಳಿಯಗೊಟ್ಟವೋ ಎಂಬುದರ ಮೇಲೆ ಮನೆಮಂದಿಯ ನೆಮ್ಮದಿಯು ನಿಲ್ಲುತ್ತದೆ. ಅದು ಮನಶ್ಶಾಸ್ತ್ರದ ಮಾತು. ಇವೆರಡನ್ನೂ ಕೂಡಿಸಿ ವಿಚಾರಿಸುವುದು ಈ ಭಾಷಣದ ಉದ್ದೇಶ.

ಚರಿತ್ರೆಗೆ ಹೋಗುವ ಮೊದಲು ದೇಹದ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಅಪಾಯವನ್ನು ಕಂಡಾಗ ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ನಿದ್ರೆ ಹಾರುವುದು ನಮಗೆಲ್ಲ ಪರಿಚಿತವಾದ ಅನುಭವಗಳು. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಎಂಬಾತನು ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಹೋರಾಟಕ್ಕೆ ಅಥವಾ ಪಲಾಯನಕ್ಕೆ ದೇಹವು ಮಾಡಿಕೊಳ್ಳುವ ಸಿದ್ಧತೆಯೆಂದು ವಿವರಿಸಿದನು. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ೧೯೩೬ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೀಡೆಯು ಬಹುಕಾಲ ಮುಂದುವರಿದರೆ ಅದೇ ಸಿದ್ಧತೆಯು ದೇಹವನ್ನು ಸವೆಸುತ್ತದೆಂದು ತೋರಿಸಿದನು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸುರಿಸುವ ಕಾರ್ಟಿಸಾಲ್ ಎಂಬ ರಸವು ಒಂದು ಗಳಿಗೆಯ ಕಷ್ಟಕ್ಕೆ ಉಪಕಾರಿಯಾದದ್ದು. ತಿಂಗಳುಗಟ್ಟಲೆ ಏರಿಯೇ ಇದ್ದರೆ ನಿದ್ರೆ, ನೆನಪು, ಸಹನೆ, ಮೂರನ್ನೂ ಕೆಡಿಸುತ್ತದೆ. ಪಿಡುಗಿನ ಕಾಲದಲ್ಲಿ ಭಯವು ಒಂದು ಗಳಿಗೆಯದಾಗಿರುವುದಿಲ್ಲ, ತಿಂಗಳುಗಳದಾಗಿರುತ್ತದೆ. ಆದುದರಿಂದ ರೋಗ ತಗಲದ ಮನೆಯಲ್ಲಿಯೂ ಜಗಳ ಹೆಚ್ಚುವುದಕ್ಕೂ, ಮಕ್ಕಳು ರಾತ್ರಿ ಬೆಚ್ಚಿ ಏಳುವುದಕ್ಕೂ ದೇಹದಲ್ಲಿಯೇ ಒಂದು ಕಾರಣವುಂಟು.

ಎರಡನೆಯ ಸಂಗತಿ, ಸೋಂಕು ಮಿದುಳಿಗೆ ಕಳುಹಿಸುವ ಸಂದೇಶ. ರೋಗಾಣುವಿನೊಡನೆ ಹೋರಾಡುವ ರಕ್ತಕಣಗಳು ಸೈಟೊಕೈನ್ ಎಂಬ ದ್ರವ್ಯಗಳನ್ನು ಹೊರಡಿಸುತ್ತವೆ. ಅವುಗಳ ಪ್ರಭಾವದಿಂದ ರೋಗಿಯು ಊಟ ಬೇಡವೆನ್ನುತ್ತಾನೆ, ಮಾತು ಬೇಡವೆನ್ನುತ್ತಾನೆ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಜ್ವರ ಇಳಿದ ಮೇಲೆಯೂ ಈ ಜಡತೆಯು ಕೆಲವರಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವುದುಂಟು. ಮನೆಯವರಿಗೆ ಇದು ಸೋಮಾರಿತನವಾಗಿಯೋ ಸಿಡುಕಾಗಿಯೋ ತೋರಿದರೆ ರೋಗದ ಜೊತೆಗೆ ನಿಂದೆಯೂ ಸೇರಿದಂತಾಯಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಭಯಪಟ್ಟ ಮಗುವು ತಾಯಿಯ ತೊಡೆಯೇರಿದರೆ ಅದರ ಉಸಿರಾಟವೂ ನಾಡಿಯೂ ಇಳಿಮುಖವಾಗುವುದನ್ನು ಪ್ರತಿಯೊಬ್ಬ ತಾಯಿಯೂ ಬಲ್ಲಳು. ಬೇಕಾದವರ ಸಮೀಪವಿರುವುದರಿಂದ ಭಯದ ರಸಗಳು ಇಳಿಯುತ್ತವೆಂಬುದನ್ನು ಇಂದಿನ ಪ್ರಯೋಗಶಾಲೆಗಳೂ ಅಳೆದು ಹೇಳಿವೆ. ಭಯಕ್ಕೆ ಪ್ರಕೃತಿಯು ಕೊಟ್ಟ ಔಷಧವೆಂದರೆ ಸ್ಪರ್ಶ ಮತ್ತು ಸಾಮೀಪ್ಯ. ಸಾಂಕ್ರಾಮಿಕ ರೋಗದ ಕಠಿನತೆಯಿರುವುದು ಇಲ್ಲಿಯೇ: ಭಯವನ್ನು ಹೆಚ್ಚಿಸುವ ಆ ರೋಗವೇ ಭಯದ ಔಷಧವನ್ನೂ ಕಿತ್ತುಕೊಳ್ಳುತ್ತದೆ.

ಇನ್ನು ಚರಿತ್ರೆಗೆ ಬರೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಎಂಬ ಧಾನ್ಯದ ಉಗ್ರಾಣಗಳ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿಯೂ, ಅದರ ಕಾರ್ಖಾನೆಯು ಹುಬ್ಬಳ್ಳಿಯಲ್ಲಿಯೂ ಇದ್ದವು. ಹುಬ್ಬಳ್ಳಿಯು ಅರಳೆಯ ದೊಡ್ಡ ಪೇಟೆ. ರೈಲೂ ಅರಳೆಯೂ ಕಾಳಿನ ಚೀಲಗಳೂ ಎಲ್ಲಿಗೆ ಹೋಗುತ್ತವೆಯೋ ಇಲಿಗಳೂ ಅವುಗಳ ಮೈಮೇಲಿನ ಚಿಗಟಗಳೂ ಅಲ್ಲಿಗೆ ಹೋಗುವುದು ಸಹಜವೇ. ೧೮೯೮ರ ಹೊತ್ತಿಗೆ ಈ ಎರಡು ಪಟ್ಟಣಗಳಲ್ಲಿಯೂ ಪ್ಲೇಗು ನೆಲೆಯೂರಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಅದು ಮೈಸೂರು ಸಂಸ್ಥಾನವನ್ನು ಹೊಕ್ಕು ಬೆಂಗಳೂರಿನಲ್ಲಿ ಹಬ್ಬಿತು.

ರೋಗಕ್ಕಿಂತ ಮುಂಚೆ ಬಂದದ್ದು ಕಾಯಿದೆ. ೧೮೯೭ರ ಫೆಬ್ರವರಿಯಲ್ಲಿ ಜಾರಿಯಾದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಧಿಕಾರಿಗಳಿಗೆ ಬಹು ವಿಶಾಲವಾದ ಅಧಿಕಾರವನ್ನು ಕೊಟ್ಟಿತು. ಅದರ ಆಧಾರದಿಂದ ಮುಂಬಯಿ ಇಲಾಖೆಯಲ್ಲಿ ಮನೆ ಮನೆಯ ತಪಾಸಣೆ, ರೈಲಿನ ಪ್ರಯಾಣಿಕರ ಪರೀಕ್ಷೆ, ರೋಗಿಯನ್ನು ಪ್ಲೇಗಿನ ಆಸ್ಪತ್ರೆಗೂ ಅವನೊಡನಿದ್ದವರನ್ನು ಬೇರೆಯಾದ ಶಿಬಿರಕ್ಕೂ ಸಾಗಿಸುವುದು, ಮನೆಯ ಸಾಮಾನುಗಳನ್ನು ಸುಡುವುದು, ಛಾವಣಿ ಕಿತ್ತು ಬಿಸಿಲು ಬಿಡುವುದು, ಇಂಥ ಕ್ರಮಗಳು ನಡೆದವು. ಪುಣೆಯಲ್ಲಿ ಈ ಕ್ರಮಗಳನ್ನು ನಡೆಸಿದ ರೀತಿಗೆ ರೋಷಗೊಂಡು ಚಾಪೇಕರ ಸೋದರರು ೧೮೯೭ರ ಜೂನ್ ೨೨ರಂದು ರ್‍ಯಾಂಡ್ ಎಂಬ ಅಧಿಕಾರಿಯ ಮೇಲೆ ಗುಂಡು ಹಾರಿಸಿದ ಸಂಗತಿಯು ಸುಪ್ರಸಿದ್ಧವಾದದ್ದು. ೧೮೯೮ರ ಮಾರ್ಚಿನಲ್ಲಿ ಮುಂಬಯಿಯಲ್ಲಿಯೂ ದಂಗೆಯಾಯಿತು.

ಈ ರೋಷವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಆ ಕಾಲದ ಆಂಗ್ಲ ಅಧಿಕಾರಿಗಳ ವಾಡಿಕೆ. ಆದರೆ ಮನೆಯ ಕಡೆಯಿಂದ ನೋಡಿದರೆ ಅದರ ಅರ್ಥವೇ ಬೇರೆ. ಮನೆಯಲ್ಲಿ ಒಬ್ಬರ ಕಂಕುಳಲ್ಲಿಯೋ ತೊಡೆಸಂದಿಯಲ್ಲಿಯೋ ಗಡ್ಡೆ ಎದ್ದಿತೆಂದು ಗೊತ್ತಾದೊಡನೆ ಆ ಮನೆಯು ಮೂರು ಪಾಲಾಗುತ್ತಿತ್ತು: ರೋಗಿಯು ಒಂದು ಕಡೆ, ಸಂಪರ್ಕದವರು ಇನ್ನೊಂದು ಕಡೆ, ಸಾಮಾನು ಬೆಂಕಿಯಲ್ಲಿ. ಅಪರಿಚಿತರ ಕೈಯಲ್ಲಿ ಸಾಯುವುದು, ಜಾತಿಯ ಊಟವಿಲ್ಲದೆ ಇರುವುದು, ಹೆಂಗಸರ ಮೈಯನ್ನು ಪರಪುರುಷರು ಮುಟ್ಟಿ ನೋಡುವುದು, ಇವು ಸಾವಿಗಿಂತಲೂ ಘೋರವಾಗಿ ಕಂಡವು. ಪರಿಣಾಮವಾಗಿ ಜನರು ರೋಗಿಯನ್ನು ಅಟ್ಟದ ಮೇಲೆ, ಹಗೇವಿನ ಮರೆಯಲ್ಲಿ ಬಚ್ಚಿಡತೊಡಗಿದರು. ಸತ್ತವರನ್ನು ಸದ್ದಿಲ್ಲದೆ ಸಾಗಿಸತೊಡಗಿದರು. ದುಃಖವನ್ನು ಬಾಯಿಬಿಟ್ಟು ಅಳಲಾರದ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ನೆರೆಯವನು ಅಧಿಕಾರಿಗೆ ಸುದ್ದಿ ಕೊಟ್ಟಾನೆಂಬ ಶಂಕೆಯು ಓಣಿಯ ಸ್ನೇಹವನ್ನೂ ಕೆಡಿಸಿತು.

ಈಗಿನ ತಿಳಿವಳಿಕೆಯಿಂದ ನೋಡಿದರೆ ಇದರಲ್ಲಿ ಒಂದು ದುರಂತವಾದ ಸಂಗತಿಯಿದೆ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬಾತನು ೧೮೯೪ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಕಡಿತದಿಂದ ಬರುತ್ತದೆಂಬುದನ್ನು ಪಾಲ್-ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ೧೮೯೮ರಲ್ಲಿ. ಅವನ ಮಾತನ್ನು ವೈದ್ಯಲೋಕವು ಒಪ್ಪಿದ್ದು ೧೯೦೫ರಿಂದ ಮುಂದೆ ಮುಂಬಯಿಯಲ್ಲಿ ನಡೆದ ಸಂಶೋಧನೆಗಳಾದ ಮೇಲೆ. ಇಲಿಯು ಸತ್ತು ತಣ್ಣಗಾದೊಡನೆ ಚಿಗಟಗಳು ಅದರ ಮೈಯನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಹುಡುಕುತ್ತವೆ. ಮನೆಯಲ್ಲಿ ಮಲಗಿದ ಮನುಷ್ಯರು ಅವಕ್ಕೆ ಸಿಕ್ಕುತ್ತಾರೆ. ಶ್ವಾಸಕೋಶಕ್ಕೆ ತಗಲಿದ ಪ್ಲೇಗಾದರೆ ಕೆಮ್ಮಿನಿಂದ ಹರಡುವುದು ನಿಜ. ಆದರೆ ಗಡ್ಡೆಯೇಳುವ ಸಾಮಾನ್ಯ ಪ್ಲೇಗಿನಲ್ಲಿ ರೋಗಿಯ ತಲೆ ನೇವರಿಸಿದವರಿಗೆ ಅಪಾಯವು ಸ್ವಲ್ಪವೇ. ಅಪಾಯವಿದ್ದದ್ದು ಮನೆಯೆಂಬ ಕಟ್ಟಡದಲ್ಲಿ, ಮನೆಯವರಲ್ಲಿ ಅಲ್ಲ. ಕಾಯಿದೆಯಾದರೋ ಮನೆಯವರನ್ನೇ ಒಬ್ಬರಿಂದೊಬ್ಬರನ್ನು ಬೇರ್ಪಡಿಸಿತು.

ಜನರು ತಾವಾಗಿ ಕಂಡುಕೊಂಡ ದಾರಿಯು ಇದಕ್ಕೆ ವಿರುದ್ಧವಾದದ್ದು. ಇಲಿ ಬಿದ್ದಿತೆಂದರೆ ಊರು ಬಿಡಬೇಕು. ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರೂ ಕೂಡಿ ಹೊಲದಲ್ಲಿಯೋ ಬಯಲಿನಲ್ಲಿಯೋ ಗುಡಿಸಲು ಹಾಕಿಕೊಂಡು ಇರಬೇಕು. ಇದು ನಮ್ಮ ನಾಡಿಗೆ ತೀರ ಹೊಸತೂ ಆಗಿರಲಿಲ್ಲ. ರೋಗರುಜಿನಗಳು ಬಾರದಿರಲೆಂದು ಊರಿನವರೆಲ್ಲ ಮನೆಗಳಿಗೆ ಬೀಗ ಹಾಕಿ, ದನಕರುಗಳೊಡನೆ ಹೊರಗೆ ಹೋಗಿ, ಅಲ್ಲಿಯೇ ಅಡಿಗೆ ಮಾಡಿ ಉಂಡು ಸಂಜೆಗೆ ಮರಳುವ ಹೊರಬೀಡಿನ ಆಚರಣೆಯು ಕನ್ನಡನಾಡಿನ ಹಲವು ಹಳ್ಳಿಗಳಲ್ಲಿ ನಡೆದುಬಂದಿದೆ. ಗುಡಿಸಲ ಬಾಳು ಸುಖದ್ದೆಂದು ಹೇಳಲಾಗದು. ಮಳೆ, ಚಳಿ, ಕಳ್ಳರ ಕಾಟ, ಕೂಲಿಯಿಲ್ಲದ ದಿನಗಳು ಎಲ್ಲವೂ ಇದ್ದವು. ಆದರೂ ಅದರಲ್ಲಿ ಎರಡು ಗುಣಗಳಿದ್ದವು. ಜನರು ಇಲಿ ಚಿಗಟಗಳಿಂದ ದೂರವಾದರು, ತಮ್ಮವರಿಂದ ದೂರವಾಗಲಿಲ್ಲ. ದೇಹದ ರಕ್ಷಣೆಯೂ ಮನಸ್ಸಿನ ರಕ್ಷಣೆಯೂ ಒಂದೇ ಉಪಾಯದಲ್ಲಿ ಕೂಡಿಬಂದವು. ಸರ್ಕಾರವೂ ಕೆಲವೇ ವರ್ಷಗಳಲ್ಲಿ ಬಲಾತ್ಕಾರವನ್ನು ಸಡಿಲಿಸಿ, ಊರು ಬಿಡುವವರಿಗೆ ನೆರವಾಗುವ ದಾರಿಗೆ ಬಂದಿತು.

ಇದೇ ಹುಬ್ಬಳ್ಳಿಯು ೧೮೯೮ರಲ್ಲಿ ಇನ್ನೊಂದು ಕಾರಣದಿಂದಲೂ ಹೆಸರಾಯಿತು. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಪ್ಲೇಗಿನ ಲಸಿಕೆಯನ್ನು ಈ ಪಟ್ಟಣದಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಯಿತು. ಸುಮಾರು ೫೦,೦೦೦ ಜನರ ಪಟ್ಟಣದಲ್ಲಿ ೩೦,೦೦೦ಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಪರದೇಶದ ವೈದ್ಯರ ಸೂಜಿಗೆ ಹೆದರಿ ಬೇರೆಡೆ ಜನರು ಓಡುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಕಾರಣಗಳು ಹಲವಿದ್ದಿರಬೇಕು: ಕಣ್ಣೆದುರಿಗೆ ನಡೆಯುತ್ತಿದ್ದ ಸಾವು, ಚುಚ್ಚಿಸಿಕೊಂಡವರು ಉಳಿದುದನ್ನು ನೆರೆಯವರು ಕಂಡದ್ದು. ಇವುಗಳೊಡನೆ ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚುಚ್ಚಿಸಿಕೊಂಡವರಿಗೆ ಬೇರ್ಪಡಿಸುವ ನಿಯಮಗಳಿಂದ ರಿಯಾಯಿತಿ ಕೊಡುವ ಪದ್ಧತಿಯು ಮುಂಬಯಿ ಇಲಾಖೆಯಲ್ಲಿ ಬೆಳೆದಿತ್ತು. ಒಂದು ದಿನದ ಜ್ವರವನ್ನೂ ತೋಳಿನ ನೋವನ್ನೂ ಸಹಿಸಿದರೆ ಮನೆಯು ಒಡೆಯದೆ ಉಳಿದೀತೆಂಬ ಆಶೆಯು ಆ ಸೂಜಿಯ ತುದಿಯಲ್ಲಿ ಇದ್ದಿತೆಂದು ನಾವು ಊಹಿಸಿದರೆ ತಪ್ಪಾಗಲಾರದು.

ಇಪ್ಪತ್ತು ವರ್ಷಗಳ ತರುವಾಯ ಬಂದ ಇನ್‌ಫ್ಲುಯೆಂಜಾ ಬೇರೆ ದಾರಿಯನ್ನು ಹಿಡಿಯಿತು. ೧೯೧೮ರ ಜೂನಿನಲ್ಲಿ ಅದು ಮುಂಬಯಿ ಬಂದರಿನಲ್ಲಿ ಇಳಿಯಿತು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಎರಡನೆಯ ಅಲೆಯಾಗಿ ಎದ್ದು ಇಡೀ ಇಲಾಖೆಯನ್ನು ಮುಳುಗಿಸಿತು. ಇಂಡಿಯಾದಲ್ಲಿ ಸತ್ತವರು ೧ ಕೋಟಿ ೨೦ ಲಕ್ಷಕ್ಕೆ ಕಡಮೆಯಿಲ್ಲವೆಂದು ಒಂದು ಅಂದಾಜು. ಅದಕ್ಕಿಂತ ಬಹಳ ಹೆಚ್ಚೆಂದು ಇನ್ನು ಕೆಲವರ ಅಂದಾಜು. ಮುಂಬಯಿ ಇಲಾಖೆಯೊಂದರಲ್ಲಿಯೇ ಸುಮಾರು ೧೦ ಲಕ್ಷ. ಆ ವರ್ಷ ಮಳೆಯು ಕೈಕೊಟ್ಟಿತ್ತು; ಮಹಾಯುದ್ಧದಿಂದ ಕಾಳಿನ ಬೆಲೆಯು ಏರಿತ್ತು; ವೈದ್ಯರಲ್ಲಿ ಅನೇಕರು ದಂಡಿನೊಡನೆ ಹೋಗಿದ್ದರು. ೧೯೧೧ ಮತ್ತು ೧೯೨೧ರ ಖಾನೇಷುಮಾರಿಗಳ ನಡುವೆ ಇಂಡಿಯಾದ ಜನಸಂಖ್ಯೆಯು ಹೆಚ್ಚುವುದಕ್ಕೆ ಬದಲು ಇಳಿದುದು ಈ ಪಿಡುಗಿನ ಮುಖ್ಯ ಸಾಕ್ಷಿ.

ಈ ರೋಗಕ್ಕೆ ಇಲಿಯೂ ಬೇಡ, ಚಿಗಟವೂ ಬೇಡ. ಅದು ಉಸಿರಿನಲ್ಲಿ ಹೋಗುತ್ತದೆ. ಅಂಬಲಿ ಕುಡಿಸಲು ಬಾಗಿದವರಿಗೆ, ಹಾಸಿಗೆ ಬದಲಾಯಿಸಿದವರಿಗೆ, ಮೊಲೆಯುಣಿಸಿದವರಿಗೆ ಅದು ತಗಲುತ್ತದೆ. ಅಂದರೆ ಮನೆಯಲ್ಲಿ ಶುಶ್ರೂಷೆ ಮಾಡುವವರೇ ಅದಕ್ಕೆ ಮೊದಲು ಸಿಕ್ಕುವವರು. ಈ ಮಾತು ಹಳೆಯದು. ಕ್ರಿ. ಪೂ. ೪೩೦ರ ಅಥೆನ್ಸಿನ ಪಿಡುಗನ್ನು ಕಣ್ಣಾರೆ ಕಂಡು ಬರೆದ ಥುಸಿಡಿಡೀಸ್ ಎಂಬ ಗ್ರೀಕ್ ಚರಿತ್ರಕಾರನೂ, ಒಬ್ಬರನ್ನೊಬ್ಬರು ನೋಡಿಕೊಳ್ಳಲು ಹೋದವರೇ ಹೆಚ್ಚಾಗಿ ಸತ್ತರೆಂದು ಗುರುತಿಸಿದ್ದಾನೆ. ೧೯೧೮ರ ರೋಗವು ವಿಶೇಷವಾಗಿ ೨೦ರಿಂದ ೪೦ ವರ್ಷದೊಳಗಿನವರನ್ನು ಕೊಂದಿತು. ಇಂಡಿಯಾದಲ್ಲಿ ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಕೊಂದಿತು. ಗರ್ಭಿಣಿಯರನ್ನು ಅಧಿಕವಾಗಿ ಬಲಿ ತೆಗೆದುಕೊಂಡಿತು. ಮನೆಯನ್ನು ನಡೆಸುವವರು ಹೋಗಿ ಮುದುಕರೂ ಮಕ್ಕಳೂ ಉಳಿದರು. ಮಗನ ಆಸರೆಯಲ್ಲಿ ಕಡೆಗಾಲವನ್ನು ಕಳೆಯಬೇಕಾಗಿದ್ದ ಅಜ್ಜಿಯು ಮೊಮ್ಮಕ್ಕಳಿಗೆ ತಾಯಿಯಾಗಬೇಕಾಯಿತು.

ಜ್ವರದಿಂದ ಉಳಿದವರ ಮನಸ್ಸೂ ಎಲ್ಲ ಕಡೆ ನೆಟ್ಟಗಾಗಲಿಲ್ಲ. ಅಮೆರಿಕದ ಕಾರ್ಲ್ ಮೆನಿಂಜರ್ ಎಂಬ ಮನೋವೈದ್ಯನು ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಇನ್‌ಫ್ಲುಯೆಂಜಾದೊಡನೆ ಬುದ್ಧಿಭ್ರಮಣೆಯೂ ಕಾಣಿಸಿಕೊಂಡ ನೂರು ರೋಗಿಗಳ ವಿಷಯವನ್ನು ೧೯೧೯ರಲ್ಲಿ ಪ್ರಕಟಿಸಿದನು. ನಮ್ಮ ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸ್ಥಾಪಿತವಾದ ಮಾನಸಿಕ ರೋಗಿಗಳ ಆಸ್ಪತ್ರೆಯೊಂದಿದ್ದಿತು. ಅದೇ ಈಗ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಆದರೆ ಆ ಕಾಲದಲ್ಲಿ ಅಂಥ ಆಸ್ಪತ್ರೆಗಳೆಂದರೆ ರೋಗಿಯನ್ನು ಮನೆಯಿಂದ ಕಿತ್ತು ಗೋಡೆಯೊಳಗೆ ಇಡುವ ಸ್ಥಳಗಳು. ಮನಸ್ಸಿನ ರೋಗಿಯೂ ಪ್ಲೇಗಿನ ರೋಗಿಯೂ ಈ ವಿಷಯದಲ್ಲಿ ಸಮಾನರಾಗಿದ್ದರು. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳಿಗೆ ಆಸ್ಪತ್ರೆಯ ಬಯಲಿನಲ್ಲಿಯೇ ಡೇರೆ ಹಾಕಿಸಿಕೊಟ್ಟು, ರೋಗಿಯ ಬಳಿಯಲ್ಲಿ ಅವರಿರುವಂತೆ ಮಾಡಿದರು. ರೋಗಿಗಳು ಬೇಗ ಗುಣ ಹೊಂದಿ ಮನೆಗೆ ಮರಳಿದರು. ಪ್ಲೇಗಿನ ಕಾಲದ ಬಯಲಿನ ಗುಡಿಸಲು ಕಲಿಸಿದ್ದ ಪಾಠವನ್ನೇ ಈ ಡೇರೆಯೂ ಕಲಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮುಂದೆ ಕುಟುಂಬದವರೊಡನೆ ರೋಗಿಯನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿತು.

ಇಲ್ಲಿ ಸಾವಿನ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವಿಯೆನ್ನಾದ ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಶೋಕವನ್ನು ಕುರಿತು ೧೯೧೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅಗಲಿದವರನ್ನು ಮನಸ್ಸು ಸ್ವಲ್ಪಸ್ವಲ್ಪವಾಗಿ, ಬಹು ಕಷ್ಟದಿಂದ ಬಿಟ್ಟುಕೊಡಬೇಕಾಗುತ್ತದೆಂಬುದು ಅದರ ಸಾರಾಂಶ. ೧೯೨೦ರ ಜನವರಿಯಲ್ಲಿ ಅವನ ಮಗಳು ಸೋಫಿಯು ಹ್ಯಾಂಬುರ್ಗಿನಲ್ಲಿ ಇದೇ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ರೈಲುಗಳು ಓಡುತ್ತಿರಲಿಲ್ಲವಾದುದರಿಂದ ತಂದೆತಾಯಿಗಳು ಮಗಳ ಮುಖವನ್ನು ಕಡೆಯ ಸಲ ನೋಡಲೂ ಹೋಗಲಾರದಾದರು. ಶಾಸ್ತ್ರವನ್ನು ಬರೆದವನಿಗೂ ಈ ಬೇನೆ ತಪ್ಪಲಿಲ್ಲ. ಮಣ್ಣು ಕೊಡುವುದು, ಹೆಗಲು ಕೊಡುವುದು, ಮೂರನೆಯ ದಿನ ಹಾಲು ತುಪ್ಪ ಬಿಡುವುದು, ನೆರೆಯವರು ಬುತ್ತಿ ತಂದು ಉಣಿಸುವುದು, ಇವೆಲ್ಲ ಸತ್ತವರಿಗಾಗಿ ಎಂದು ನಾವು ತಿಳಿಯುತ್ತೇವೆ. ಬದುಕಿದವರಿಗೂ ಇವು ಅಷ್ಟೇ ಅವಶ್ಯಕ. ಅನಂತಮೂರ್ತಿಯವರ ೧೯೬೫ರ ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ಲೇಗಿನಿಂದ ಸತ್ತವನ ಶವವು ಸಂಸ್ಕಾರವಿಲ್ಲದೆ ಉಳಿದು ಇಡೀ ಅಗ್ರಹಾರವೇ ತಲ್ಲಣಿಸುತ್ತದೆ. ಸಂಸ್ಕಾರವಾಗದ ಸಾವು ಮನೆಯೊಳಗೆ ಉಳಿದುಬಿಡುತ್ತದೆಂಬ ಅರಿವು ನಮ್ಮ ಜನರಲ್ಲಿ ಆಳವಾಗಿದೆ.

ಮೂರನೆಯ ಪಿಡುಗು ನಮ್ಮೆಲ್ಲರ ನೆನಪಿನಲ್ಲಿರುವುದು. ೨೦೨೦ರ ಮಾರ್ಚ್ ೨೫ರಿಂದ ಇಡೀ ದೇಶದ ಬಾಗಿಲು ಮುಚ್ಚಿತು. ೧೮೯೭ರ ಕಾಯಿದೆಯೇ ಮತ್ತೆ ಕೈಗೆ ಬಂದಿತು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯು ಸುತ್ತಣ ಜಿಲ್ಲೆಗಳ ಕೋವಿಡ್ ರೋಗಿಗಳಿಗೂ ಆಸರೆಯಾಯಿತು. ಈ ರೋಗಾಣುವಿನ ದಾರಿಯು ೧೯೧೮ರದರಂತೆ ಉಸಿರಿನ ದಾರಿ; ಆದರೆ ಅದು ಮುಖ್ಯವಾಗಿ ಕೊಂದದ್ದು ವೃದ್ಧರನ್ನು. ಲಕ್ಷಣಗಳು ತೋರುವ ಮೊದಲೇ ಸೋಂಕು ಹರಡಬಲ್ಲದಾದುದರಿಂದ ಹೊಸದೊಂದು ಭಯವು ಹುಟ್ಟಿತು: ನನ್ನಿಂದಲೇ ನನ್ನ ತಾಯಿಗೆ ರೋಗ ತಗಲೀತೆ? ಪ್ಲೇಗಿನಲ್ಲಿ ಜನರು ಇಲಿಗೂ ಅಧಿಕಾರಿಗೂ ಹೆದರಿದರು. ಕೋವಿಡ್‌ನಲ್ಲಿ ತಮ್ಮ ಉಸಿರಿಗೇ ಹೆದರಿದರು. ಮೊಮ್ಮಗುವು ಅಜ್ಜನ ಕೋಣೆಯ ಹೊಸ್ತಿಲಿನ ಹೊರಗೆ ನಿಂತು ಮಾತಾಡಿತು. ೨೦೨೧ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಅನೇಕ ಮನೆಗಳಿಗೆ ತಮ್ಮವರ ಮುಖವು ಕಡೆಗೆ ಕಂಡದ್ದು ಆಸ್ಪತ್ರೆಯ ಬಾಗಿಲಲ್ಲಿ. ಹೆಗಲು ಕೊಡುವ ಅವಕಾಶವೂ ತಪ್ಪಿತು. ಪಿಡುಗಿನ ಮೊದಲನೆಯ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಗಳು ಪ್ರಪಂಚದಾದ್ಯಂತ ನೂರಕ್ಕೆ ೨೫ರಷ್ಟು ಹೆಚ್ಚಾದವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರ ಮಾರ್ಚಿನಲ್ಲಿ ಹೇಳಿತು.

ಇಷ್ಟಾದರೂ ಮನೆಯನ್ನು ಕೂಡಿಡಬೇಕೆಂಬ ಮಾತನ್ನು ವಿವೇಚನೆಯಿಲ್ಲದೆ ಹೇಳಲಾಗದು. ೧೬೬೫ರ ಲಂಡನ್ನಿನಲ್ಲಿ ಪ್ಲೇಗು ಬಂದ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯ ಗುರುತು ಹಾಕಿ, ರೋಗಿಗಳೊಡನೆ ಆರೋಗ್ಯವಂತರನ್ನೂ ಒಳಗಿಟ್ಟು ಕಾವಲು ಹಾಕುತ್ತಿದ್ದರು. ಅಲ್ಲಿಯೂ ಮನೆಯವರು ಕೂಡಿಯೇ ಇದ್ದರು. ಆದರೆ ಅದು ಸೆರೆ. ೨೦೨೦ರ ಬೀಗಮುದ್ರೆಯ ದಿನಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಗೃಹಹಿಂಸೆಯ ದೂರುಗಳು ಹೆಚ್ಚಿದವು. ಹೊಡೆಯುವ ಗಂಡನೊಡನೆ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದವಳಿಗೆ ಸಾಮೀಪ್ಯವು ಔಷಧವಲ್ಲ. ಕೆಲಸವಿಲ್ಲದ ಗಂಡಸರು, ಶಾಲೆಯಿಲ್ಲದ ಮಕ್ಕಳು, ಹೊರಗೆ ಹೋಗದ ಮುದುಕರು, ಎಲ್ಲರ ಊಟ ಉಪಚಾರಗಳೂ ಒಬ್ಬಳ ಮೇಲೆಯೇ ಬಿದ್ದ ಮನೆಗಳು ಎಷ್ಟಿಲ್ಲ! ಬಯಲಿನ ಗುಡಿಸಲಿಗೂ ಬೀಗ ಹಾಕಿದ ಮನೆಗೂ ಇರುವ ಭೇದವು ಇದು: ಗುಡಿಸಲಿನ ಪಕ್ಕದಲ್ಲಿ ನೆರೆಯವರ ಗುಡಿಸಲಿತ್ತು, ಕೂಗಿದರೆ ಓಗೊಡುವವರಿದ್ದರು. ಮನೆಗೆ ಮನೆಯವರು ಬೇಕು. ಮನೆಯವರಿಗೆ ಓಣಿಯೂ ಬೇಕು.

ಈ ಸತ್ಯವನ್ನು ಕೆಲವು ಸಣ್ಣ ಪ್ರಯತ್ನಗಳು ೨೦೨೦ರಲ್ಲಿಯೂ ಕಂಡುಕೊಂಡವು. ದೂರವಿಡಬೇಕಾದದ್ದು ದೇಹವನ್ನೇ ಹೊರತು ಬಾಂಧವ್ಯವನ್ನಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾಮಾಜಿಕ ಅಂತರವೆಂಬ ಮಾತನ್ನು ಬಿಟ್ಟು ದೈಹಿಕ ಅಂತರವೆಂಬ ಮಾತನ್ನು ಹಿಡಿಯಿತು. ಅದೇ ವರ್ಷ ಆಗಸ್ಟಿನಲ್ಲಿ ಕರ್ನಾಟಕದ ವಿದ್ಯಾ ಇಲಾಖೆಯು ಆರಂಭಿಸಿದ ‘ವಿದ್ಯಾಗಮ’ವು ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಗುಡಿಯ ಕಟ್ಟೆಯಲ್ಲಿ, ಮರದ ನೆರಳಿನಲ್ಲಿ ಕೂರಿಸಿ ಪಾಠ ಹೇಳಿತು. ಶಿಕ್ಷಕರಿಗೂ ಸೋಂಕು ತಗಲಿದ ವರದಿಗಳಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ, ಮಗುವಿಗೆ ಅಕ್ಷರದಷ್ಟೇ ಜೊತೆಗಾರರೂ ಬೇಕೆಂಬ ಅರಿವು ಅದರಲ್ಲಿತ್ತು. ೨೦೨೧ರಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ ೩,೫೦೦ ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ರಾಜ್ಯ ಸರ್ಕಾರವು ಪ್ರಕಟಿಸಿತು. ಅಂಥ ಮಕ್ಕಳ ವಿಷಯದಲ್ಲಿ ಸೋಫಿಯ ತಂಗಿ ಅನ್ನಾ ಫ್ರಾಯ್ಡ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಶಿಶುನಿಲಯಗಳಲ್ಲಿ ಕಂಡದ್ದನ್ನು ನೆನೆಯಬೇಕು. ಬಾಂಬಿನ ಸದ್ದಿಗಿಂತ ತಾಯಿಯಿಂದ ಅಗಲಿಕೆಯೇ ಚಿಕ್ಕ ಮಕ್ಕಳನ್ನು ಹೆಚ್ಚಾಗಿ ಕುಗ್ಗಿಸಿತೆಂದು ಅವಳು ಬರೆದಳು. ಹಣವು ಅನ್ನ ಬಟ್ಟೆಗಳನ್ನು ಕೊಟ್ಟೀತು. ದಿನವೂ ಕಾಣುವ ಒಂದು ಪರಿಚಿತ ಮುಖವನ್ನು ಕೊಡುವವರು ಬಂಧುಗಳೇ, ನೆರೆಯವರೇ, ಶಿಕ್ಷಕರೇ.

ಈ ಮೂರು ಅನುಭವಗಳಿಂದ ನಾವು ಕಲಿಯಬೇಕಾದದ್ದನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯದಾಗಿ, ರೋಗದ ದಾರಿಯನ್ನು ಸರಿಯಾಗಿ ಅರಿಯುವ ಮುಂಚೆ ಮನೆಯನ್ನು ಒಡೆಯುವ ಆಜ್ಞೆಯನ್ನು ಹೊರಡಿಸಬಾರದು. ಬೇರ್ಪಡಿಸುವುದು ಅನಿವಾರ್ಯವಾದರೆ ಎಷ್ಟು ಬೇಕೋ ಅಷ್ಟೇ, ಎಷ್ಟು ದಿನ ಬೇಕೋ ಅಷ್ಟೇ ದಿನ, ಮತ್ತು ಮಾತು ಕತೆ ನೋಟಗಳಿಗೆ ಒಂದು ಕಿಂಡಿಯನ್ನಾದರೂ ಬಿಟ್ಟು. ಎರಡನೆಯದಾಗಿ, ಶುಶ್ರೂಷೆ ಮಾಡುವ ಕೈಗೂ ವಿಶ್ರಾಂತಿ ಬೇಕು. ೧೯೧೮ರಲ್ಲಿ ಹೆಂಗಸರು ತೆತ್ತ ಬೆಲೆಯನ್ನು ಮತ್ತೆ ತೆರುವಂತಾಗಬಾರದು. ಗುಣವಾದವನ ಜಡತೆಯನ್ನೂ ಸಿಡುಕನ್ನೂ ಸ್ವಭಾವದ ದೋಷವೆಂದು ಎಣಿಸದೆ ರೋಗದ ಶೇಷವೆಂದು ಕೆಲವು ಕಾಲ ಸಹಿಸುವುದೂ ಶುಶ್ರೂಷೆಯ ಒಂದು ಭಾಗವೇ. ಮೂರನೆಯದಾಗಿ, ಶೋಕಕ್ಕೆ ಒಂದು ರೂಪವನ್ನು ಕೊಡಬೇಕು. ಅಂದು ಮಾಡಲಾಗದ ಕಾರ್ಯವನ್ನು ತಡವಾಗಿಯಾದರೂ ಮಾಡುವುದು, ಬಂಧುಬಳಗವನ್ನು ಕರೆದು ಅಗಲಿದವರ ಹೆಸರನ್ನೆತ್ತಿ ಮಾತಾಡುವುದು, ಮಕ್ಕಳ ಎದುರಿಗೂ ಅದನ್ನು ಮುಚ್ಚಿಡದಿರುವುದು, ಇವು ಖರ್ಚಿಲ್ಲದ ಉಪಾಯಗಳು.

೧೮೯೮ರ ಹುಬ್ಬಳ್ಳಿಯ ಜನರಿಗೆ ಚಿಗಟದ ಶಾಸ್ತ್ರವು ಗೊತ್ತಿರಲಿಲ್ಲ, ಕಾರ್ಟಿಸಾಲಿನ ಹೆಸರೂ ಗೊತ್ತಿರಲಿಲ್ಲ. ಊರಿನ ಹೊರಗೆ ಹೋಗುವಾಗ ಯಾರನ್ನೂ ಹಿಂದೆ ಬಿಡಬಾರದೆಂಬುದಷ್ಟೇ ಅವರಿಗೆ ಗೊತ್ತಿತ್ತು. ನಮಗೆ ಶಾಸ್ತ್ರವು ಅವರಿಗಿಂತ ಹೆಚ್ಚಾಗಿ ತಿಳಿದಿದೆ. ಕೋವಿಡ್‌ನಲ್ಲಿ ತಮ್ಮವರನ್ನು ಕಳೆದುಕೊಂಡು ಇನ್ನೂ ಮನಸಾರೆ ಅಳದ ಮನೆಗಳು ಈ ಅವಳಿ ಪಟ್ಟಣಗಳಲ್ಲಿ ಇರಲಾರವೆಂದು ಯಾರೂ ಹೇಳಲಾರರು. ಅಂಥ ಮನೆಯು ನಮ್ಮ ಓಣಿಯಲ್ಲಿದ್ದರೆ, ಆ ಬಾಗಿಲಿಗೆ ಹೋಗಿ ಕುಶಲವನ್ನು ವಿಚಾರಿಸಿ ಬರುವ ಕೆಲಸವು ಇನ್ನೂ ನಮ್ಮ ಪಾಲಿಗೆ ಉಳಿದಿದೆ.